ಗಾಡಿ ತಿಂಡಿಯ ಸುರಕ್ಷತೆ: ನಿಯಮಗಳ ಹಿಂದಿನ ವಿಜ್ಞಾನ

ಉಷ್ಣ ವರ್ಗಾವಣೆಯ ಪಾಠ ಮುಗಿಸಿ ತರಗತಿಯಿಂದ ಹೊರಬರುತ್ತಿದ್ದಾಗ ಹೊಳಲ್ಕೆರೆ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬ ಹಿಂದೆಯೇ ಬಂದ. "ಸಾರ್, ನಮ್ಮವ್ವ ಬಸ್‌ಸ್ಟ್ಯಾಂಡ್ ಹತ್ರ ಟಿಫನ್ ಗಾಡಿ ಇಟ್ಕೊಂಡಿದಾರೆ. ಮೊನ್ನೆ ತಪಾಸಣೆಗೆ ಬಂದವರು ಪಲಾವು, ಸಾಂಬಾರು ಅರವತ್ತೈದು ಡಿಗ್ರಿ ಮೇಲೇ ಇರಬೇಕು ಅಂತ ಹೇಳಿ ಹೋದರು. ಅರವತ್ತೈದೇ ಯಾಕೆ, ಅದನ್ನ ನೋಡೋದು ಹೇಗೆ ಅಂತ ಅವ್ವ ಕೇಳ್ತಾರೆ. ನನಗೂ ಹೇಳೋಕೆ ಆಗಲಿಲ್ಲ" ಎಂದ.

ಪ್ರಶ್ನೆ ಸಣ್ಣದು. ಆದರೆ ಆ ತಾಯಿಯ ದಿನದ ಸಂಪಾದನೆ ಆ ಗಾಡಿಯ ಮೇಲೆ ನಿಂತಿದೆ. ಅಲ್ಲಿ ತಿನ್ನುವವರ ಆರೋಗ್ಯವೂ ಅದೇ ಗಾಡಿಯ ಮೇಲೆ ನಿಂತಿದೆ. ಚಿತ್ರದುರ್ಗದ ಗಾಡಿಗಳ ಮಂಡಕ್ಕಿ-ಮೆಣಸಿನಕಾಯಿ, ಹಿರಿಯೂರಿನಲ್ಲಿ ಹೆದ್ದಾರಿ ಬದಿ ನಿಲ್ಲುವ ವ್ಯಾನುಗಳ ಇಡ್ಲಿ-ಚಿತ್ರಾನ್ನ, ಹೊಸದುರ್ಗದ ಸಂತೆಯ ದಿನದ ಬಜ್ಜಿ, ತೇರುಮಲ್ಲೇಶ್ವರ ಜಾತ್ರೆಯ ಬೆಂಡು-ಬತ್ತಾಸು ಇವೆಲ್ಲ ನಮ್ಮ ದಿನನಿತ್ಯದ ಆಹಾರವೇ. ದೊಡ್ಡ ನಗರಗಳಲ್ಲಿ 'ಫುಡ್ ಟ್ರಕ್' ಎನಿಸಿಕೊಳ್ಳುವ ವಾಹನ ನಮ್ಮಲ್ಲಿ ಹಳೆಯ ವ್ಯಾನಿನ ರೂಪದಲ್ಲಿಯೋ ನಾಲ್ಕು ಗಾಲಿಯ ತಳ್ಳುಗಾಡಿಯ ರೂಪದಲ್ಲಿಯೋ ಇದೆ. ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವು 'ಸವಿರುಚಿ' ಎಂಬ ಸಂಚಾರಿ ಕ್ಯಾಂಟೀನ್ ಯೋಜನೆಯ ಮೂಲಕ ಮಹಿಳಾ ಗುಂಪುಗಳ ಕೈಗೂ ಇಂಥ ವಾಹನಗಳನ್ನು ಕೊಟ್ಟಿತ್ತು. ಈ ಗಾಡಿಗಳಿಗೆ ಯಾವ ಕಾನೂನು ಅನ್ವಯಿಸುತ್ತದೆ? ಅದರ ಒಂದೊಂದು ನಿಯಮಕ್ಕೂ ಇರುವ ವೈಜ್ಞಾನಿಕ ಕಾರಣವೇನು? ಆ ಕಾರಣ ತಿಳಿದರೆ ನಿಯಮ ಹೊರೆಯಾಗಿ ಕಾಣುವುದಿಲ್ಲ. ಯಾವ ನಿಯಮವನ್ನು ಗಾಡಿಯವರೇ ಪಾಲಿಸಬಹುದು, ಯಾವುದಕ್ಕೆ ಊರಿನ ಆಡಳಿತ ಮೊದಲು ಅನುಕೂಲ ಮಾಡಿಕೊಡಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಸ್ವತಂತ್ರ ಭಾರತದಲ್ಲಿ ಆಹಾರಕ್ಕೆ ಸಂಬಂಧಿಸಿದ ಮೊದಲ ದೊಡ್ಡ ಕಾನೂನು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ. ಹೆಸರೇ ಹೇಳುವಂತೆ ಅದರ ಗಮನ ಕಲಬೆರಕೆಯ ಕಡೆಗಿತ್ತು. ಶುದ್ಧವಾದ ಅಕ್ಕಿ, ಶುದ್ಧವಾದ ಎಣ್ಣೆಯಿಂದ ಮಾಡಿದ ತಿಂಡಿಯೂ ಕೊಳಕು ಕೈಯಿಂದ ಅಥವಾ ಕೆಟ್ಟ ನೀರಿನಿಂದ ವಿಷವಾಗಬಹುದು. ಅದನ್ನೂ ಒಳಗೊಂಡಂತೆ ಬಂದದ್ದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಇದರ ಅಡಿಯಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ರಚನೆಯಾಯಿತು. ಪರವಾನಗಿ ಮತ್ತು ನೋಂದಣಿಯ ನಿಯಮಾವಳಿ 2011ರ ಆಗಸ್ಟ್ 5ರಂದು ಜಾರಿಗೆ ಬಂತು.

ಕಾಯ್ದೆಯ 31ನೇ ಕಲಮು ಸಣ್ಣ ತಯಾರಕರು, ತಿರುಗಾಡಿ ಮಾರುವವರು ಮತ್ತು ತಾತ್ಕಾಲಿಕ ಅಂಗಡಿಯವರಿಗೆ ಪರವಾನಗಿಯಿಂದ ವಿನಾಯಿತಿ ಕೊಡುತ್ತದೆ. ಆದರೆ ಅವರು ನೋಂದಣಿ ಮಾಡಿಸಲೇಬೇಕು. 2011ರ ನಿಯಮಾವಳಿ ಹೊರಟಾಗ ವರ್ಷಕ್ಕೆ 12 ಲಕ್ಷ ರೂಪಾಯಿಯ ತನಕ ವಹಿವಾಟು ಇರುವವರನ್ನು ಈ ಗುಂಪಿಗೆ ಸೇರಿಸಿ, ವರ್ಷಕ್ಕೆ 100 ರೂಪಾಯಿ ಶುಲ್ಕ ಗೊತ್ತುಮಾಡಲಾಗಿತ್ತು. ನೋಂದಣಿಯಾದವರಿಗೆ 14 ಅಂಕಿಗಳ ಸಂಖ್ಯೆ ಸಿಗುತ್ತದೆ. ಮೊದಲ ಅಂಕಿ 1 ಆದರೆ ಪರವಾನಗಿ, 2 ಆದರೆ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕದ್ದು 12. ಹಾಗಾಗಿ ನಮ್ಮ ರಾಜ್ಯದಲ್ಲಿ ನೋಂದಣಿಯಾದ ಗಾಡಿಯ ಸಂಖ್ಯೆ 212 ಎಂದು ಶುರುವಾಗುತ್ತದೆ. ವ್ಯಾನಿನ ರಚನೆಯನ್ನೇ ಬದಲಿಸಿ ಅಡುಗೆಮನೆ ಮಾಡುವುದಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಸಾರಿಗೆ ಕಚೇರಿಯ ಒಪ್ಪಿಗೆಯೂ ಬೇಕು.

ನಿಯಮಾವಳಿಯ 4ನೇ ಪರಿಶಿಷ್ಟ ಶುಚಿತ್ವದ ಷರತ್ತುಗಳನ್ನು ಪಟ್ಟಿ ಮಾಡುತ್ತದೆ. ಬೀದಿ ವ್ಯಾಪಾರಿಗಳಿಗೆ ಅದರಲ್ಲಿ ಪ್ರತ್ಯೇಕ ಸೂಚನೆಗಳಿವೆ. ಕೆಲಸದ ಹಲಗೆ ನೆಲದಿಂದ 60ರಿಂದ 70 ಸೆಂ.ಮೀ. ಎತ್ತರದಲ್ಲಿರಬೇಕು, ಸ್ಟೀಲಿನಂತೆ ನೀರು ಹೀರದ, ಸುಲಭವಾಗಿ ತೊಳೆಯಬಹುದಾದ ಮೇಲ್ಮೈ ಆಗಿರಬೇಕು. ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು. ಕೈ ಒರೆಸುವ ಬಟ್ಟೆ ಬೇರೆ, ಹಲಗೆ ಒರೆಸುವ ಬಟ್ಟೆ ಬೇರೆ ಇರಬೇಕು. ಕಸಕ್ಕೆ ಮುಚ್ಚಳವಿರುವ ಡಬ್ಬಿ ಇರಬೇಕು. ಬೀದಿಯ ಧೂಳು ಮತ್ತು ಚರಂಡಿಯ ಸಿಡಿತ ಹೆಚ್ಚಾಗಿ ನೆಲದ ಹತ್ತಿರವೇ ಇರುವುದರಿಂದ ಹಲಗೆಯ ಎತ್ತರವನ್ನು ಹೇಳಲಾಗಿದೆ. ಗೀರು ಬಿದ್ದ ಮರದ ಹಲಗೆಯ ಸಂದಿಯಲ್ಲಿ ತೇವವೂ ಅನ್ನದ ಕಣವೂ ಉಳಿದು ಸೂಕ್ಷ್ಮಜೀವಿಗಳಿಗೆ ಮನೆಯಾಗುತ್ತದೆ. ಸ್ಟೀಲಿನ ಸಲಹೆಗೆ ಇದೇ ಕಾರಣ.

65 ಡಿಗ್ರಿ ಏಕೆ?

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಆಹಾರವನ್ನು ಕೆಡಿಸುವ, ರೋಗ ತರುವ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವು ಸುಮಾರು 5° ಸೆ.ನಿಂದ 60° ಸೆ.ವರೆಗಿನ ತಾಪದಲ್ಲಿ ಬೆಳೆಯುತ್ತವೆ. 30ರಿಂದ 40 ಡಿಗ್ರಿ ಅವುಗಳಿಗೆ ಬಹಳ ಹಿತ. ಬೇಸಗೆಯಲ್ಲಿ ನಮ್ಮ ಜಿಲ್ಲೆಯ ಮಧ್ಯಾಹ್ನದ ಗಾಳಿಯ ತಾಪವೂ ಇದೇ ಅಲ್ಲವೇ? ಅನುಕೂಲ ಪರಿಸ್ಥಿತಿಯಲ್ಲಿ ಒಂದು ಬ್ಯಾಕ್ಟೀರಿಯ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದು ತಟ್ಟೆ ಅನ್ನದಲ್ಲಿ 1,000 ಬ್ಯಾಕ್ಟೀರಿಯಗಳಿವೆ ಎಂದುಕೊಳ್ಳಿ. ಮೂರು ಗಂಟೆಯಲ್ಲಿ ಒಂಬತ್ತು ಸಲ ಇಮ್ಮಡಿಯಾಗಿ 5 ಲಕ್ಷ ದಾಟುತ್ತವೆ. ಆರು ಗಂಟೆಯಲ್ಲಿ ಹದಿನೆಂಟು ಸಲ ಇಮ್ಮಡಿಯಾಗಿ 26 ಕೋಟಿ! ಬೆಳಗಿನ ಜಾವ ನಾಲ್ಕಕ್ಕೆ ಮಾಡಿದ ಚಿತ್ರಾನ್ನವನ್ನು ಹತ್ತು ಗಂಟೆಗೆ ಬಡಿಸಿದರೆ ನಡುವೆ ಕಳೆದದ್ದು ಆರು ಗಂಟೆ. ಅಡುಗೆ ಮಾಡಿ ಬಡಿಸುವ ಉದ್ಯಮಗಳ ತಪಾಸಣೆಯಲ್ಲಿ ಬಿಸಿ ಆಹಾರ 65° ಸೆ. ಮೇಲೆ, ತಣ್ಣಗಿರಬೇಕಾದದ್ದು 5° ಸೆ. ಕೆಳಗೆ ಇದೆಯೇ ಎಂದು ನೋಡುವುದು ಇದಕ್ಕಾಗಿ. 60ರ ಗಡಿಗೆ ಐದು ಡಿಗ್ರಿಯ ಅಂತರ ಬಿಟ್ಟುಕೊಂಡರೆ 65 ಆಗುತ್ತದೆ.

"ಮಾರುವ ಮುಂಚೆ ಮತ್ತೊಮ್ಮೆ ಬಿಸಿ ಮಾಡಿದರಾಯಿತಲ್ಲ?" ಎಂದು ಕೇಳಬಹುದು. ಅನ್ನದ ವಿಷಯದಲ್ಲಿ ಇದು ಯಾವಾಗಲೂ ಸಾಲದು. ಅಕ್ಕಿಯಲ್ಲಿ ಸಾಮಾನ್ಯವಾಗಿ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ ಬೀಜಕಣಗಳನ್ನು ಮಾಡಿಕೊಳ್ಳುತ್ತದೆ. ಅನ್ನ ಕುದಿದರೂ ಬೀಜಕಣ ಸಾಯುವುದಿಲ್ಲ. ಅನ್ನ ಬೆಚ್ಚಗಿನ ಮಟ್ಟಕ್ಕೆ ಇಳಿದಾಗ ಅದು ಮೊಳೆತು, ಬೆಳೆದು, ವಾಂತಿ ತರಿಸುವ ವಿಷವನ್ನು ಉತ್ಪಾದಿಸುತ್ತದೆ. ಆ ವಿಷವನ್ನು ಮತ್ತೆ ಕುದಿಸಿದರೂ ನಾಶಮಾಡಲು ಆಗದು. ಹಿಂದಿನ ರಾತ್ರಿಯ ಅನ್ನವನ್ನು ಮರುದಿನ ಎಗ್‌ರೈಸ್ ಮಾಡುವಾಗ ಎದುರಾಗುವ ಅಪಾಯ ಇದು. ಇಡ್ಲಿ ಹಿಟ್ಟೂ ರಾತ್ರಿಯಿಡೀ ಹೊರಗೇ ಇರುತ್ತದಲ್ಲ ಎಂದರೆ, ಅಲ್ಲಿ ಬೆಳೆಯುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಗಳು ಹಿಟ್ಟನ್ನು ಹುಳಿಯಾಗಿಸಿ ಕೆಟ್ಟ ಜೀವಿಗಳನ್ನು ದೂರವಿಡುತ್ತವೆ. ಅನ್ನಕ್ಕೆ ಅಂಥ ರಕ್ಷಣೆ ಇಲ್ಲ.

ಉಳಿದ ಅನ್ನವನ್ನು ಇಡಲೇಬೇಕಾದರೆ ಬೇಗ ತಣಿಸಬೇಕು. ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ಉಷ್ಣವಹನದಿಂದ ತಣಿಯಲು ಬೇಕಾದ ಕಾಲ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 5 ಸೆಂ.ಮೀ. ದಪ್ಪಕ್ಕೆ ತಟ್ಟೆಯಲ್ಲಿ ಹರಡಿದ ಅನ್ನಕ್ಕಿಂತ 30 ಸೆಂ.ಮೀ. ಆಳದ ಪಾತ್ರೆಯ ಅನ್ನ ಆರು ಪಟ್ಟು ದಪ್ಪ. ಆದರೆ ತಣಿಯಲು ಮೂವತ್ತಾರು ಪಟ್ಟು ಹೊತ್ತು ಬೇಕು. ಮೇಲೆ ಕೆಳಗೆ ಎರಡೂ ಕಡೆ ತಂಪಾಗಿದ್ದರೂ, ಅನ್ನಕ್ಕೂ ಹೊರಗಿನ ಗಾಳಿಗೂ ಇರುವ ತಾಪದ ಅಂತರ ಮೂರರಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿಯಲು ತಟ್ಟೆಯ ಅನ್ನಕ್ಕೆ ಸುಮಾರು ಅರ್ಧ ಗಂಟೆ, ಆಳದ ಪಾತ್ರೆಯದಕ್ಕೆ ಸುಮಾರು 18 ಗಂಟೆ ಎಂದು ಲೆಕ್ಕ ಬರುತ್ತದೆ. ಮೇಲೆ ತಣ್ಣಗೆ ಕಂಡರೂ ಪಾತ್ರೆಯ ನಡುವಿನ ಅನ್ನ ರಾತ್ರಿಯಿಡೀ ಬೆಚ್ಚಗೇ ಉಳಿಯುತ್ತದೆ.

ಬಿಸಿ ಉಳಿಸಿಕೊಳ್ಳಲು ಮುಚ್ಚಳವೇ ಮೊದಲ ಸಾಧನ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,300 ಜೂಲ್ ಉಷ್ಣ ಬೇಕು. ಒಂದು ಲೀಟರ್ ಸಾಂಬಾರಿನಿಂದ ಕೇವಲ 10 ಗ್ರಾಂ ನೀರು ಆವಿಯಾಗಿ ಹೋದರೆ ಉಳಿದದ್ದರ ತಾಪ ಸುಮಾರು ಐದೂವರೆ ಡಿಗ್ರಿ ಇಳಿಯುತ್ತದೆ. ಮುಚ್ಚಳ ನೊಣ ಮತ್ತು ಧೂಳನ್ನು ತಡೆಯುವ ಜೊತೆಗೆ ಈ ಉಷ್ಣವನ್ನೂ ಉಳಿಸುತ್ತದೆ. ಪಲಾವಿನ ಪಾತ್ರೆಯನ್ನು ಕುದಿನೀರಿರುವ ದೊಡ್ಡ ಪಾತ್ರೆಯೊಳಗೆ ಕೂರಿಸಿ, ಕೆಳಗೆ ಸಣ್ಣ ಉರಿ ಇಟ್ಟರೆ ತಳ ಹಿಡಿಯದೆ ಬಿಸಿ ನಿಲ್ಲುತ್ತದೆ. ಕೆಲವೇ ನೂರು ರೂಪಾಯಿಗೆ ಸಿಗುವ ಕಡ್ಡಿಯಾಕಾರದ ಡಿಜಿಟಲ್ ತಾಪಮಾಪಕವನ್ನು ಗಂಟೆಗೊಮ್ಮೆ ಪಾತ್ರೆಯ ನಡುಭಾಗಕ್ಕೆ ಇಳಿಸಿ ನೋಡಿದರೆ ಸಾಕು. ಕಡ್ಡಿಯನ್ನು ಪ್ರತಿ ಸಲವೂ ತೊಳೆಯಬೇಕು.

ನೀರು: ಕುದಿಸಿದರೆ ಮುಗಿಯಿತೇ?

ಗಾಡಿ ತಿಂಡಿಯಿಂದ ಬರುವ ರೋಗಗಳಲ್ಲಿ ನೀರಿನ ಪಾಲು ದೊಡ್ಡದು. ಪಾನಿಪೂರಿಯ ಪಾನಿ, ಚಟ್ನಿ, ಮಂಡಕ್ಕಿಗೆ ಹಾಕುವ ಹಸಿ ಈರುಳ್ಳಿ-ಟೊಮೇಟೊ ತೊಳೆದ ನೀರು, ತಟ್ಟೆ ಅದ್ದುವ ಬಕೆಟ್ಟಿನ ನೀರು ಇವು ಯಾವುವೂ ಕುದಿಯುವುದಿಲ್ಲ. ಒಂದೇ ಬಕೆಟ್ಟಿನಲ್ಲಿ ಐವತ್ತು ತಟ್ಟೆ ಅದ್ದಿ ತೆಗೆದರೆ ಐವತ್ತನೆಯ ತಟ್ಟೆಗೆ ಮೊದಲ ನಲವತ್ತೊಂಬತ್ತರ ಎಂಜಲು ಹಂಚಿಕೆಯಾಗುತ್ತದೆ. ಪಾತ್ರೆಗಳನ್ನು ಹರಿಯುವ ನೀರಿನಲ್ಲಿ ತೊಳೆಯಬೇಕು ಎಂಬ ನಿಯಮ ಇದಕ್ಕಾಗಿ. ನಲ್ಲಿಯುಳ್ಳ, ಮುಚ್ಚಿದ 20 ಲೀಟರಿನ ಡ್ರಮ್ಮನ್ನು ಎತ್ತರದಲ್ಲಿಟ್ಟರೆ ಗಾಡಿಯಲ್ಲೂ ಹರಿಯುವ ನೀರು ದೊರೆಯುತ್ತದೆ.

ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುಭಾರ ಕಡಿಮೆಯಿರುವುದರಿಂದ ನೀರು 100 ಡಿಗ್ರಿಯ ಬದಲು ಸುಮಾರು 97.5° ಸೆ.ನಲ್ಲಿ ಕುದಿಯುತ್ತದೆ. ರೋಗಾಣುಗಳನ್ನು ಕೊಲ್ಲಲು ಇದು ಧಾರಾಳ ಸಾಕು. ನೀರು ಬುದಬುದನೆ ಒಂದು ನಿಮಿಷ ಕುದಿಯಲಿ. ಆದರೆ ನಮ್ಮ ಜಿಲ್ಲೆಯ ಕೊಳವೆಬಾವಿಗಳಿಗೆ ಇನ್ನೊಂದು ತೊಡಕಿದೆ, ಅದೇ ಫ್ಲೋರೈಡ್. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಾಗ 1.5 ಮಿ.ಗ್ರಾಂ ತನಕ ಒಪ್ಪಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಬದಲಾಗಿ ಸಾಂದ್ರವಾಗುತ್ತದೆ. 1.5 ಮಿ.ಗ್ರಾಂ ಇರುವ 20 ಲೀಟರ್ ನೀರನ್ನು ಕುದಿಸಿ 15 ಲೀಟರಿಗೆ ಇಳಿಸಿದರೆ ಅದು 2 ಮಿ.ಗ್ರಾಂ ಆಗುತ್ತದೆ. ಆದ್ದರಿಂದ 'ಕುಡಿಯಲು ಯೋಗ್ಯ' ಎಂದರೆ ರೋಗಾಣುವೂ ಇರಬಾರದು, ಕರಗಿದ ಲವಣಗಳೂ ಮಿತಿಯೊಳಗಿರಬೇಕು. ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಶೇಷ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕೆಂದು ಮಾನಕ ಹೇಳುತ್ತದೆ. ಅಗ್ಗದ ಕಿಟ್ಟಿನಿಂದ ಶಾಲೆಯ ಮಕ್ಕಳೂ ಇದನ್ನು ಅಳೆಯಬಹುದು.

2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಕಳೆದುಕೊಂಡರು. ಅವರು ಕುಡಿದದ್ದು ಗಾಡಿಯ ನೀರನ್ನಲ್ಲ, ಮನೆಯ ನಲ್ಲಿಯ ನೀರನ್ನು. ಗಾಡಿಯವರು ಎಷ್ಟೇ ಎಚ್ಚರದಿಂದಿದ್ದರೂ ಅವರು ತುಂಬಿಕೊಳ್ಳುವ ನಲ್ಲಿಯೇ ಕೆಟ್ಟಿದ್ದರೆ ಅವರ ಎಚ್ಚರ ವ್ಯರ್ಥವೆಂಬುದನ್ನು ಈ ದುರಂತ ನೆನಪಿಸುತ್ತದೆ.

ಕಾದ ಎಣ್ಣೆ

ಬಜ್ಜಿಯ ಬಾಣಲೆಯಲ್ಲಿ ಎಣ್ಣೆ 170-180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯುತ್ತದೆ. ಗಾಳಿಯ ಆಕ್ಸಿಜನ್, ಬಜ್ಜಿಯಿಂದ ಬಿಡುಗಡೆಯಾಗುವ ನೀರಾವಿ ಮತ್ತು ಉಷ್ಣ ಸೇರಿ ಎಣ್ಣೆಯ ಅಣುಗಳನ್ನು ಒಡೆಯುತ್ತವೆ. ಹೀಗೆ ಹುಟ್ಟುವ ಅನೇಕ ವಸ್ತುಗಳಿಗೆ 'ಧ್ರುವೀಯ ಸಂಯುಕ್ತಗಳು' ಎಂಬ ಹೆಸರಿದೆ. ಇವುಗಳ ಒಟ್ಟು ಪ್ರಮಾಣ ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ.

ಗಾಡಿಯ ಬಳಿ ಇದನ್ನು ಅಳೆಯುವುದು ಹೇಗೆ? ತಾಜಾ ಎಣ್ಣೆಯ ಪರಾವೈದ್ಯುತ ಸ್ಥಿರಾಂಕ ಸುಮಾರು 3. ಧ್ರುವೀಯ ಸಂಯುಕ್ತಗಳು ಹೆಚ್ಚಿದಂತೆ ಅದು ಏರುತ್ತದೆ. ಕೈಯಲ್ಲಿ ಹಿಡಿಯುವ ಮಾಪಕದ ತುದಿಯಲ್ಲಿ ಒಂದು ಸಣ್ಣ ಧಾರಕ ಇರುತ್ತದೆ. ಅದನ್ನು ಎಣ್ಣೆಯಲ್ಲಿ ಅದ್ದಿದಾಗ ಧಾರಕತೆಯಲ್ಲಾಗುವ ಬದಲಾವಣೆಯನ್ನು ಅದು ಶೇಕಡಾವಾರು ಅಂಕಿಯಾಗಿ ತೋರಿಸುತ್ತದೆ. ಪಿ.ಯು. ತರಗತಿಯಲ್ಲಿ ಓದುವ ಧಾರಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮಾಪಕ ಇಲ್ಲದವರಿಗೂ ಎಣ್ಣೆಯೇ ಸೂಚನೆ ಕೊಡುತ್ತದೆ. ಬಣ್ಣ ಕಪ್ಪಾಗುವುದು, ಮಂದವಾಗುವುದು, ನೊರೆ ಇಳಿಯದಿರುವುದು, ಮೊದಲಿಗಿಂತ ಬೇಗ ಹೊಗೆಯಾಡುವುದು ಇವು ಎಣ್ಣೆ ಬದಲಿಸುವ ಕಾಲ ಬಂತೆಂದು ಹೇಳುತ್ತವೆ. ಹಳೆಯ ಎಣ್ಣೆಗೆ ಹೊಸದನ್ನು ಬೆರೆಸುತ್ತ ಹೋಗುವುದು ಒಳ್ಳೆಯದಲ್ಲ. ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ 'ರುಕೊ' ಕಾರ್ಯಕ್ರಮವನ್ನು ಎಫ್‌ಎಸ್‌ಎಸ್‌ಎಐ 2018ರಲ್ಲಿ ಆರಂಭಿಸಿತು.

ಬಿಸಿ ಬಜ್ಜಿಯನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿಕೊಡುವ ರೂಢಿಯೂ ಅಪಾಯಕರ. ಮುದ್ರಣದ ಶಾಯಿಯಲ್ಲಿರುವ ವಸ್ತುಗಳು ಬಿಸಿ ಎಣ್ಣೆಯಲ್ಲಿ ಕರಗಿ ತಿಂಡಿಗೆ ಇಳಿಯುತ್ತವೆ. 2018ರ ಪ್ಯಾಕೇಜಿಂಗ್ ನಿಯಮಾವಳಿ ಆಹಾರ ಕಟ್ಟಲು ವೃತ್ತಪತ್ರಿಕೆಯ ಬಳಕೆಯನ್ನು ನಿಷೇಧಿಸಿದೆ. ಮುತ್ತುಗದ ಎಲೆ, ಬಾಳೆ ಎಲೆ ನಮ್ಮಲ್ಲಿ ಹೊಸದೇನಲ್ಲ.

ಬಣ್ಣ, ಹೊಗೆ, ಪ್ಲಾಸ್ಟಿಕ್

2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಆಗ ಪರೀಕ್ಷಿಸಿದ ಗೋಬಿಯ 171 ಮಾದರಿಗಳಲ್ಲಿ ನೂರಕ್ಕೂ ಹೆಚ್ಚು ಅಸುರಕ್ಷಿತ ಎಂದು ಕಂಡುಬಂದಿದ್ದವು. ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15 ಹಾಗೆಯೇ ಇದ್ದವು. ಅದೇ ವರ್ಷದ ಜೂನ್‌ನಲ್ಲಿ ಕಬಾಬಿಗೂ ಈ ನಿಷೇಧ ಅನ್ವಯವಾಯಿತು.

ಸಿಕ್ಕ ಬಣ್ಣಗಳಲ್ಲಿ ಒಂದು ರೋಡಮಿನ್-ಬಿ. ಭೌತವಿಜ್ಞಾನದವರಿಗೆ ಇದು ಹಳೆಯ ಪರಿಚಯ. ವರ್ಣದ್ರವ್ಯ ಲೇಸರುಗಳಲ್ಲಿ ಇದನ್ನು ಬಳಸುತ್ತಾರೆ. ಹಸಿರು ಬೆಳಕನ್ನು ಹೀರಿ ಕಿತ್ತಳೆ ಬಣ್ಣದ ಬೆಳಕನ್ನು ಹೊರಸೂಸುವ ಇದು ಬಟ್ಟೆ ಮತ್ತು ಕಾಗದಕ್ಕೆ ಹಾಕುವ ಬಣ್ಣ. ಆಹಾರದಲ್ಲಿ ಇದಕ್ಕೆ ಎಲ್ಲಿಯೂ ಅನುಮತಿ ಇಲ್ಲ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊ ಮೊದಲಾದ ಎಂಟು ಕೃತಕ ಬಣ್ಣಗಳಿಗೆ ಕಾನೂನಿನಲ್ಲಿ ಅನುಮತಿ ಇದೆ. ಆದರೆ ಅದು ಸಿಹಿತಿಂಡಿಯಂಥ ಕೆಲವೇ ಪದಾರ್ಥಗಳಿಗೆ, ಅದೂ ಸಾಮಾನ್ಯವಾಗಿ ಹತ್ತು ಲಕ್ಷದಲ್ಲಿ ನೂರು ಭಾಗದ ಮಿತಿಯೊಳಗೆ. 'ಅಂಗಡಿಯಲ್ಲಿ ಸಿಗುವ ಆಹಾರದ ಬಣ್ಣವನ್ನೇ ಹಾಕಿದ್ದೇನೆ' ಎನ್ನುವ ವ್ಯಾಪಾರಿ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಅದು ಗೋಬಿಗೆ ಅಲ್ಲ ಎಂಬುದು ಅವರಿಗೆ ತಿಳಿದಿರದು. ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸಿ ರುಬ್ಬಿದರೆ ಬೇಕಾದ ಕೆಂಪು ಬರುತ್ತದೆ.

2024ರ ಏಪ್ರಿಲ್‌ನಲ್ಲಿ ನೆರೆಯ ದಾವಣಗೆರೆಯ ವಸ್ತುಪ್ರದರ್ಶನವೊಂದರಲ್ಲಿ 'ಹೊಗೆ ಬಿಸ್ಕತ್ತು' ತಿಂದ ಬಾಲಕ ನೋವಿನಿಂದ ನರಳಿದ ದೃಶ್ಯವನ್ನು ಹಲವರು ನೋಡಿರಬಹುದು. ಅದರಲ್ಲಿ ಬಳಸುವುದು ದ್ರವ ನೈಟ್ರೊಜನ್. ಅದು ಕುದಿಯುವ ಬಿಂದು -196° ಸೆ. ಒಂದು ಮಿಲಿಲೀಟರ್ ದ್ರವ ಆವಿಯಾದಾಗ ಸುಮಾರು 700 ಮಿಲಿಲೀಟರ್ ಅನಿಲವಾಗುತ್ತದೆ. ಬಿಸ್ಕತ್ತಿನ ರಂಧ್ರಗಳಲ್ಲಿ ಉಳಿದ ಎರಡು ಚಮಚದಷ್ಟು, ಅಂದರೆ 10 ಮಿ.ಲೀ. ದ್ರವ ಹೊಟ್ಟೆ ಸೇರಿದರೆ 7 ಲೀಟರ್ ಅನಿಲ! ಮಗುವಿನ ಜಠರದಲ್ಲಿ ಒಂದು ಲೀಟರಿಗೂ ಜಾಗ ಕಷ್ಟ. ಅದೇ ವರ್ಷ ರಾಜ್ಯದಲ್ಲಿ ಆಹಾರದೊಂದಿಗೆ ದ್ರವ ನೈಟ್ರೊಜನ್ ಬಳಕೆಯನ್ನು ನಿಷೇಧಿಸಲಾಯಿತು.

2025ರ ಫೆಬ್ರುವರಿಯಲ್ಲಿ ಸರದಿ ಇಡ್ಲಿಯದ್ದಾಯಿತು. ರಾಜ್ಯದಲ್ಲಿ ಸುಮಾರು 250 ಕಡೆ ಪರಿಶೀಲಿಸಿದಾಗ ಐವತ್ತಕ್ಕೂ ಹೆಚ್ಚು ಕಡೆ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದುದು ಕಂಡಿತು. ಆವಿಯ ತಾಪದಲ್ಲಿ ತೆಳು ಹಾಳೆ ಮೆದುವಾಗುತ್ತದೆ, ಅದಕ್ಕೆ ಬೆರೆಸಿದ ರಾಸಾಯನಿಕಗಳು ಹಿಟ್ಟಿಗೆ ಸೇರಬಹುದು. ಹಾಳೆಯನ್ನು ನಿಷೇಧಿಸಿದರು. ಹತ್ತಿ ಬಟ್ಟೆಯನ್ನು ದಿನವೂ ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕುವ ಹಳೆಯ ಪದ್ಧತಿಗೆ ಯಾವ ತೊಂದರೆಯೂ ಇಲ್ಲ.

ಗಾಡಿಯೊಳಗಿನ ಸಿಲಿಂಡರ್

ಮುಚ್ಚಿದ ವ್ಯಾನಿನಲ್ಲಿ ಅಡುಗೆ ಮಾಡುವವರು ಸೂಕ್ಷ್ಮಜೀವಿಗಿಂತ ಮೊದಲು ಭಯಪಡಬೇಕಾದದ್ದು ಅಡುಗೆ ಅನಿಲಕ್ಕೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲಿ ಹರಡಿಕೊಳ್ಳುತ್ತದೆ. ಗಾಳಿಯಲ್ಲಿ ಅದು ಶೇ. 2ರ ಆಸುಪಾಸು ಇದ್ದರೂ ಕಿಡಿ ತಗುಲಿದಾಗ ಸ್ಫೋಟಿಸಬಲ್ಲದು. ವ್ಯಾನಿನೊಳಗೆ 10 ಘನ ಮೀಟರ್ ಜಾಗವಿದೆ ಎನ್ನೋಣ. ಅದರ ಶೇ. 2 ಎಂದರೆ 0.2 ಘನ ಮೀಟರ್ ಅನಿಲ. ತೂಕದಲ್ಲಿ ಇದು ಅರ್ಧ ಕಿಲೋಗ್ರಾಮೂ ಆಗುವುದಿಲ್ಲ. ವಾಣಿಜ್ಯ ಬಳಕೆಯ ಒಂದು ಸಿಲಿಂಡರಿನಲ್ಲಿ ಇರುವುದು 19 ಕೆ.ಜಿ.!

ಆದ್ದರಿಂದ ಗಾಳಿಕಿಂಡಿ ಮೇಲೆ ಮಾತ್ರ ಇದ್ದರೆ ಸಾಲದು, ನೆಲಮಟ್ಟದಲ್ಲೂ ಇರಬೇಕು. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ವಾಹನ ಚಲಿಸುವಾಗ ಉರುಳದಂತೆ ಬಿಗಿದು, ವಾಲ್ವ್ ಮುಚ್ಚಿರಬೇಕು. ಐಎಸ್‌ಐ ಗುರುತಿನ ರಬ್ಬರ್ ಕೊಳವೆಯನ್ನು ಅವಧಿ ಮೀರುವ ಮೊದಲೇ ಬದಲಿಸಬೇಕು. ಸೋರಿಕೆ ನೋಡಲು ಸಾಬೂನು ನೀರು ಸವರಬೇಕೇ ವಿನಾ ಕಡ್ಡಿ ಗೀರಬಾರದು. ಮನೆಬಳಕೆಯ 14.2 ಕೆ.ಜಿ. ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ.

ಹೊಣೆ ಯಾರದು?

ತಪ್ಪು ಕಂಡರೆ ಅಧಿಕಾರಿಗಳು ಏನು ಮಾಡಬಹುದು? ಗಾಡಿಯನ್ನು ಎತ್ತಿಕೊಂಡು ಹೋಗುವುದು ಈ ಕಾಯ್ದೆಯ ಮೊದಲ ಹೆಜ್ಜೆಯಲ್ಲ. 32ನೇ ಕಲಮಿನಂತೆ ಅಂಕಿತಾಧಿಕಾರಿ ಮೊದಲು ಸುಧಾರಣಾ ನೋಟಿಸ್ ಕೊಟ್ಟು, ಕೊರತೆ ಏನು, ಎಷ್ಟು ದಿನದಲ್ಲಿ ಸರಿಪಡಿಸಬೇಕು ಎಂದು ತಿಳಿಸಬೇಕು. ಜನರ ಆರೋಗ್ಯಕ್ಕೆ ತಕ್ಷಣದ ಅಪಾಯವಿದ್ದರೆ ಮಾತ್ರ ತುರ್ತು ನಿಷೇಧ. ಗ್ರಾಹಕರಿಗೂ ಹಕ್ಕಿದೆ. 40ನೇ ಕಲಮಿನಂತೆ ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಶುಲ್ಕ ಮರಳಿ ಸಿಗುತ್ತದೆ.

ಇನ್ನೊಂದು ಕಡೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಐದು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಸಿ, ಊರಿನ ಜನಸಂಖ್ಯೆಯ ಶೇ. 2.5ರ ಮಿತಿಯೊಳಗೆ ವ್ಯಾಪಾರಿಗಳಿಗೆ ಪ್ರಮಾಣಪತ್ರ ಮತ್ತು ಜಾಗ ಕೊಡಬೇಕೆಂದು ಅದು ಹೇಳುತ್ತದೆ. 2011ರ ಜನಗಣತಿಯಲ್ಲಿ ಚಿತ್ರದುರ್ಗ ನಗರದ ಜನಸಂಖ್ಯೆ ಸುಮಾರು 1.45 ಲಕ್ಷ, ಅದರ ಲೆಕ್ಕದಲ್ಲಿ ಮಿತಿ ಸುಮಾರು 3,600 ವ್ಯಾಪಾರಿಗಳು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಜಾಗ ಖಚಿತವಿಲ್ಲದ ಗಾಡಿಯವರು ನೀರಿನ ಡ್ರಮ್ಮಿಗಾಗಲಿ ಸ್ಟೀಲಿನ ಹಲಗೆಗಾಗಲಿ ಹಣ ಹಾಕಲು ಹಿಂಜರಿಯುತ್ತಾರೆ. ಆದ್ದರಿಂದ ಆಹಾರದ ಕಾನೂನಿನ ಯಶಸ್ಸು ಈ ಜಾಗದ ಕಾನೂನನ್ನೂ ಅವಲಂಬಿಸಿದೆ.

ಚರಿತ್ರೆಯ ಎರಡು ಉದಾಹರಣೆಗಳು ಇಲ್ಲಿ ಪಾಠವಾಗುತ್ತವೆ. ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂದು ನಮ್ಮ ನಿಯಮ ಹೇಳುತ್ತದೆ. ರೋಗಲಕ್ಷಣವಿಲ್ಲದೆಯೂ ರೋಗಾಣುವನ್ನು ಹೊತ್ತಿರಬಹುದೆಂದು ಜಗತ್ತಿಗೆ ಮನವರಿಕೆಯಾದದ್ದು ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮೆಲನ್ ಪ್ರಕರಣದಿಂದ. 1907ರಲ್ಲಿ ಆಕೆಯೇ ಟೈಫಾಯಿಡ್ ವಾಹಕಿ ಎಂದು ಪತ್ತೆಯಾಗಿ, ದ್ವೀಪವೊಂದರಲ್ಲಿ ಪ್ರತ್ಯೇಕವಾಗಿ ಇಟ್ಟರು. ಅಡುಗೆ ಕೆಲಸ ಮಾಡಬಾರದೆಂಬ ಷರತ್ತಿನ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದ ಕೂಲಿ ಸಾಲದೆ ಆಕೆ ಬೇರೆ ಹೆಸರಿನಲ್ಲಿ ಮತ್ತೆ ಅಡುಗೆಗೆ ಸೇರಿದಳು. 1915ರಲ್ಲಿ ಸಿಕ್ಕಿಬಿದ್ದದ್ದು ಒಂದು ಹೆರಿಗೆ ಆಸ್ಪತ್ರೆಯಲ್ಲಿ! ಬದುಕಲು ಬೇರೆ ದಾರಿ ತೋರಿಸದೆ ನಿಷೇಧವನ್ನಷ್ಟೇ ಹೇರಿದರೆ ಜನ ಅಡಗಿಕೊಳ್ಳುತ್ತಾರೆ, ರೋಗವೂ ಅವರೊಂದಿಗೆ ಅಡಗುತ್ತದೆ.

ಸಿಂಗಪುರ ಬೇರೆ ದಾರಿ ಹಿಡಿಯಿತು. 1968-69ರಲ್ಲಿ ಬೀದಿ ವ್ಯಾಪಾರಿಗಳನ್ನೆಲ್ಲ ನೋಂದಾಯಿಸಿ, 1970ರ ದಶಕದಿಂದ ನಲ್ಲಿ, ಚರಂಡಿ, ವಿದ್ಯುತ್ ಇರುವ ಕೇಂದ್ರಗಳನ್ನು ಕಟ್ಟುತ್ತ 1986ರ ಹೊತ್ತಿಗೆ ಅವರನ್ನು ಅಲ್ಲಿಗೆ ಸೇರಿಸಿತು. ನಮ್ಮ ದೇಶದಲ್ಲಿ 2023ರಲ್ಲಿ ಕೇಂದ್ರ ಸರ್ಕಾರ ಒಂದು ಬೀದಿಗೆ ಒಂದು ಕೋಟಿ ರೂಪಾಯಿಯಂತೆ 100 ಮಾದರಿ ಆಹಾರ ಬೀದಿಗಳ ಯೋಜನೆಯನ್ನು ಪ್ರಕಟಿಸಿತು. ನಮ್ಮ ತಾಲ್ಲೂಕು ಕೇಂದ್ರಗಳಿಗೆ ಅಷ್ಟು ದೊಡ್ಡ ಮೊತ್ತ ಬೇಕೆಂದೇನೂ ಇಲ್ಲ. ಗಾಡಿಗಳು ನಿಲ್ಲುವ ಜಾಗದಲ್ಲಿ ಕ್ಲೋರಿನ್ ಪರೀಕ್ಷಿಸಿದ ಒಂದು ನಲ್ಲಿ, ನೀರು ಹರಿದುಹೋಗಲು ಚರಂಡಿ, ಕಸಕ್ಕೆ ತೊಟ್ಟಿ, ಹತ್ತಿರದಲ್ಲಿ ಕೈತೊಳೆಯಲು ಸೌಕರ್ಯವಿರುವ ಶೌಚಾಲಯ ಇಷ್ಟಿದ್ದರೆ 4ನೇ ಪರಿಶಿಷ್ಟದ ಬಹುಪಾಲು ಷರತ್ತುಗಳನ್ನು ಗಾಡಿಯವರು ತಾವೇ ಪೂರೈಸಬಲ್ಲರು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಜನ ಆಹಾರದಿಂದ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ. ಪ್ರತಿ ಗಾಡಿಯ ಪಕ್ಕ ಪ್ರತಿ ಸಂಜೆ ಒಬ್ಬ ಅಧಿಕಾರಿಯನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಆಗದು. ಆದರೆ ಗಾಡಿಯ ಮಾಲೀಕರು ಮತ್ತು ತಿನ್ನುವ ನಾವು ಪ್ರತಿ ಸಂಜೆಯೂ ಅಲ್ಲೇ ಇರುತ್ತೇವೆ. ನಿಯಮದ ಕಾರಣ ನಮಗೆ ತಿಳಿದಿರಬೇಕಾದದ್ದು ಇದಕ್ಕಾಗಿ.

ಶಿಕ್ಷಕರು ತರಗತಿಯಲ್ಲಿ ಒಂದು ಸರಳ ಪ್ರಯೋಗ ಮಾಡಿಸಬಹುದು. ಒಂದೇ ಅಳತೆಯ ಎರಡು ಸ್ಟೀಲ್ ಪಾತ್ರೆಗಳಲ್ಲಿ ಒಂದೊಂದು ಲೀಟರ್ ಕುದಿನೀರು ತುಂಬಿ, ಒಂದಕ್ಕೆ ಮುಚ್ಚಳ ಹಾಕಿ, ಇನ್ನೊಂದನ್ನು ತೆರೆದಿಡಿ. ಐದು ನಿಮಿಷಕ್ಕೊಮ್ಮೆ ತಾಪವನ್ನು ಗುರುತಿಸಿ ನಕ್ಷೆ ಎಳೆಯಿರಿ. 65 ಡಿಗ್ರಿಯ ಗೆರೆಯನ್ನು ಯಾವುದು ಎಷ್ಟು ಹೊತ್ತಿಗೆ ದಾಟಿತು? ಕುದಿನೀರನ್ನು ಶಿಕ್ಷಕರೇ ಸುರಿಯಲಿ.

ಆ ವಿದ್ಯಾರ್ಥಿ ಈ ಪ್ರಯೋಗವನ್ನು ಮನೆಯಲ್ಲಿ ಸಾಂಬಾರಿನ ಪಾತ್ರೆಯಲ್ಲೇ ಮಾಡಿದ. ನಕ್ಷೆಯನ್ನು ತಂದು ತೋರಿಸಿ, "ಅವ್ವ ಈಗ ಪಲಾವು ಒಂದೇ ಸಲ ಮಾಡಲ್ಲ ಸಾರ್, ಎರಡು ಸಲ ಮಾಡ್ತಾರೆ. ಮುಚ್ಚಳ ತೆಗೆದ ತಕ್ಷಣ ಮುಚ್ತಾರೆ" ಎಂದ. ನಂತರ, "ನೀರಿಗೆ ಮಾತ್ರ ಇನ್ನೂ ದೂರ ಹೋಗಬೇಕು" ಎಂದೂ ಸೇರಿಸಿದ. ತಾಪದ ಲೆಕ್ಕವನ್ನು ತಾಯಿ ಮತ್ತು ಮಗ ಸರಿಮಾಡಿಕೊಂಡಿದ್ದಾರೆ. ನೀರಿನ ಲೆಕ್ಕವನ್ನು ಊರು ಸರಿಮಾಡಿಕೊಡಬೇಕಾಗಿದೆ.